ರದ್ದು ಮಾಡ್ತೀವಿ ಅಂದ ಕಾಯ್ದೆ ಇನ್ನೂ ಉಸಿರಾಡುತ್ತಿದೆ: ಬೇಲೂರು, ಮೂಡಿಗೆರೆಯ ಪ್ರಾರ್ಥನಾ ಕೂಟಗಳ ಪಾಡು

“ಮತಾಂತರ ನಿಷೇಧ ಕಾಯ್ದೆ ಆಗಲೇ ಹೋಯ್ತಲ್ವಾ?” ಹಾಸನ, ಚಿಕ್ಕಮಗಳೂರಿನ ಕಡೆ ಈ ಪ್ರಶ್ನೆ ಈಗಲೂ ಕಿವಿಗೆ ಬೀಳುತ್ತದೆ. ಕೇಳುವವರಲ್ಲಿ ಭಾನುವಾರ ಬೈಬಲ್ ಹಿಡಿದು ಹೊರಡುವವರೂ ಇದ್ದಾರೆ, ಆ ಕೂಟ ನಿಲ್ಲಿಸಬೇಕು ಅನ್ನುವವರೂ ಇದ್ದಾರೆ. ಇಬ್ಬರ ಗೊಂದಲಕ್ಕೂ ಕಾರಣ ಒಂದೇ. 2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿತು. ಸುದ್ದಿ ದಪ್ಪ ಅಕ್ಷರದಲ್ಲಿ ಬಂತು. ಒಂದು ಕಡೆ ಸಿಹಿ, ಇನ್ನೊಂದು ಕಡೆ ಪ್ರತಿಭಟನೆ. ಎರಡು ವರ್ಷ ಕಳೆದು 2025ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಅದು ಇದೇ ಕಾಯ್ದೆಯಡಿ ದಾಖಲಾದ ಎಫ್‌ಐಆರ್ ಕುರಿತದ್ದು. ಹೋದ ಕಾಯ್ದೆಯಡಿ ಹೊಸ ಕೇಸು ಹೇಗೆ ಬಂತು?

ಉತ್ತರ ಸರಳ: ಅದು ಹೋಗಿರಲಿಲ್ಲ. ಆದರೆ ಈ ಸರಳ ಉತ್ತರದ ಹಿಂದೆ ಇರುವ ಕತೆ ಅಷ್ಟು ಸರಳವಲ್ಲ. ಸಣ್ಣ ಊರುಗಳ ಕ್ರೈಸ್ತರು ತಮ್ಮ ನಂಬಿಕೆಯನ್ನು ಹೇಗೆ ಉಳಿಸಿಕೊಳ್ಳುತ್ತಿದ್ದಾರೆ, ಅದಕ್ಕೆ ಎದುರಾಗುವ ವಿರೋಧ ಎಲ್ಲಿಂದ ಬರುತ್ತದೆ, ಈ ಅರೆಜೀವದ ಕಾಯ್ದೆ ಅದನ್ನು ಹೇಗೆ ಜಾಸ್ತಿ ಮಾಡುತ್ತದೆ ಎಂಬುದನ್ನು ಒಂದೊಂದಾಗಿ ಬಿಡಿಸಬೇಕು.

ಸಂಪುಟ ಹೇಳಿದರೆ ಕಾಯ್ದೆ ಹೋಗುವುದಿಲ್ಲ

ಮೊದಲು ದಿನಾಂಕಗಳು. ಬಸವರಾಜ ಬೊಮ್ಮಾಯಿ ಸರ್ಕಾರವಿದ್ದಾಗ, 2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣಸೌಧದಲ್ಲಿ ವಿಧಾನಸಭೆ ಈ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹೆಸರು ‘ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ’ ಮಸೂದೆ. ಜನರ ಬಾಯಲ್ಲಿ ಅದು ‘ಮತಾಂತರ ನಿಷೇಧ ಕಾಯ್ದೆ’. ಹೆಸರಲ್ಲೇ ಎರಡು ದಿಕ್ಕು, ನೋಡಿ. ಪರಿಷತ್ತಿನಲ್ಲಿ ಆಗ ಬಿಜೆಪಿಗೆ ಸಂಖ್ಯೆ ಸಾಲಲಿಲ್ಲ. ಹಾಗಾಗಿ 2022ರ ಮೇ 17ರಿಂದ ಸುಗ್ರೀವಾಜ್ಞೆಯ ಮೂಲಕ ಜಾರಿಯಾಯಿತು. ಸೆಪ್ಟೆಂಬರಿನಲ್ಲಿ ಪರಿಷತ್ತೂ ಒಪ್ಪಿತು, ಪೂರ್ಣ ಕಾಯ್ದೆಯಾಯಿತು. ಕಾಂಗ್ರೆಸ್ಸೂ ಜೆಡಿಎಸ್ಸೂ ವಿರೋಧಿಸಿದವು. ಹಾಸನ ಜೆಡಿಎಸ್‌ನ ತವರು. ಒಂದೇ ವರ್ಷದಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಅದೇ ಪಕ್ಷ ಬಿಜೆಪಿಯ ಜೊತೆ ಸೇರಿತು.

ಕಾಯ್ದೆ ಹುಟ್ಟುವುದು ಶಾಸನಸಭೆಯಲ್ಲಿ. ಸಾಯುವುದೂ ಅಲ್ಲೇ. ಸಂಪುಟದ ತೀರ್ಮಾನ ಬರೀ ಇಂಗಿತ. ಅದಾದ ಮೇಲೆ ರದ್ದತಿ ಮಸೂದೆ ಎರಡೂ ಸದನ ದಾಟಬೇಕು, ರಾಜ್ಯಪಾಲರ ಸಹಿ ಬೀಳಬೇಕು, ಗೆಜೆಟ್‌ನಲ್ಲಿ ಬರಬೇಕು. 2023ರ ಜೂನ್‌ನಲ್ಲಿ ಪರಿಷತ್ತಿನಲ್ಲಿ ಕಾಂಗ್ರೆಸ್‌ಗೆ ಬಹುಮತ ಇರಲಿಲ್ಲ. ಅದೊಂದು ನಿಜವಾದ ತೊಡಕು. ಆದರೆ ಅದೊಂದೇ ಕಾರಣ ಎಂದು ಒಪ್ಪುವುದು ಕಷ್ಟ. ಬಹುಮತ ಇಲ್ಲದಿದ್ದರೂ ಮಸೂದೆ ಮಂಡಿಸಿ ಚರ್ಚೆಗೆ ಇಡಬಹುದು. ಬಹುಸಂಖ್ಯಾತರ ಸಿಟ್ಟು ಎದುರು ಹಾಕಿಕೊಳ್ಳುವ ಹೆದರಿಕೆ ಕೂಡ ಇಲ್ಲಿ ಕೆಲಸ ಮಾಡಿದೆ ಅನ್ನಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಸ್ಥಾನ ಗೆದ್ದ ಪಕ್ಷ, ಅದೇ ಜಿಲ್ಲೆಯಲ್ಲಿ ಈ ವಿಷಯವನ್ನು ಗಟ್ಟಿಯಾಗಿ ಎತ್ತಲು ಹಿಂಜರಿದರೆ ಅದಕ್ಕೆ ಅರ್ಥ ಹುಡುಕುವುದು ಕಷ್ಟವೇನಲ್ಲ.

ಕಾಯ್ದೆ ಏನನ್ನು ತಪ್ಪು ಅನ್ನುತ್ತದೆ?

ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆ. ಈ ದಾರಿಯಲ್ಲಿ ಮತಾಂತರ ಮಾಡಿದರೆ 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಮತಾಂತರವಾದವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ 3ರಿಂದ 10 ವರ್ಷ, 50,000 ರೂಪಾಯಿ. ಸಾಮೂಹಿಕವಾದರೆ ದಂಡ 1 ಲಕ್ಷಕ್ಕೆ ಏರುತ್ತದೆ. ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಬಲವಂತ ಮಾಡಿಲ್ಲ ಎಂದು ಸಾಬೀತು ಮಾಡುವ ಹೊರೆಯೂ ಆರೋಪಿಯ ಹೆಗಲಿಗೆ.

ಬಲವಂತ ತಪ್ಪು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ‘ಆಮಿಷ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ. ಹಣ, ಉಡುಗೊರೆ, ಕೆಲಸದ ಜೊತೆಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು, ಉತ್ತಮ ಜೀವನದ ಮಾತು, ದೇವರ ಕೋಪದ ಮಾತು, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದು, ಇವೂ ಅದರೊಳಗೆ ಬರುತ್ತವೆ. ‘ಪ್ರಾರ್ಥನೆ ಮಾಡಿದೆ, ಕಾಯಿಲೆ ವಾಸಿಯಾಯ್ತು’ ಎಂದು ಒಬ್ಬಾಕೆ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರೆ ಅದು ಆಮಿಷವೋ, ಅನುಭವವೋ? ಹರಕೆ ಹೊತ್ತ ಮೇಲೆ ಮಗು ಹುಟ್ಟಿತು ಎಂದು ಹೇಳದ ಮನೆ ಮಲೆನಾಡಿನಲ್ಲಿ ಯಾವುದಿದೆ? ಅದನ್ನು ಕೇಳಿ ಪಕ್ಕದ ಮನೆಯವರೂ ಹರಕೆ ಹೊರುತ್ತಾರೆ. ಅಲ್ಲಿ ಯಾರೂ ಧರ್ಮ ಬದಲಿಸುತ್ತಿಲ್ಲವಲ್ಲ ಎನ್ನುವುದು ಇದಕ್ಕೆ ಬರುವ ಎದುರುತ್ತರ. ಸರಿಯೇ. ಆದರೆ ಬಾಯಿಮಾತಿನ ಸಾಕ್ಷಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಗೆರೆಯನ್ನು ಕಾಯ್ದೆ ಎಳೆದಿಲ್ಲ. ಗೆರೆ ಎಳೆಯುವ ಕೆಲಸ ಸ್ಥಳೀಯ ಠಾಣೆಯ ಪಾಲಾಗಿದೆ.

ಇನ್ನೊಂದು ಅಂಶ: ಸ್ವಂತ ಇಷ್ಟದಿಂದ ಧರ್ಮ ಬದಲಿಸುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅದನ್ನು ಡಿಸಿ ಕಚೇರಿಯ ಮತ್ತು ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಬೆಂಗಳೂರಿನಲ್ಲಿ ಆ ಬೋರ್ಡನ್ನು ಯಾರು ಓದುತ್ತಾರೆ? ಆದರೆ ಆಲೂರು, ಕೊಪ್ಪದಂಥ ಊರಿನಲ್ಲಿ ಸಂಜೆಯ ಕಾಫಿ ಹೊತ್ತಿಗೆ ಹೆಸರು ಊರೆಲ್ಲ ಸುತ್ತಿರುತ್ತದೆ. ಇಂಥದೇ ಮುಂಗಡ ನೋಟಿಸಿನ ನಿಯಮವನ್ನು ಹಿಮಾಚಲ ಪ್ರದೇಶ ಹೈಕೋರ್ಟ್ 2012ರಲ್ಲಿ ರದ್ದು ಮಾಡಿತ್ತು. ಮನಸ್ಸಿನ ನಂಬಿಕೆಯನ್ನು ಸರ್ಕಾರಕ್ಕೆ ಮೊದಲೇ ಒಪ್ಪಿಸಬೇಕೆನ್ನುವುದು ಖಾಸಗಿತನಕ್ಕೆ ಧಕ್ಕೆ ಎನ್ನುವುದು ಅಲ್ಲಿನ ವಾದ. ಹಾಗೆಯೇ, ಹಿಂದಿನ ಧರ್ಮಕ್ಕೆ ಮರಳುವುದನ್ನು ಕರ್ನಾಟಕದ ಕಾಯ್ದೆ ಮತಾಂತರ ಎಂದೇ ಲೆಕ್ಕಿಸುವುದಿಲ್ಲ. ಹೋಗುವ ಬಾಗಿಲಿಗೆ ಬೀಗ, ಬರುವ ಬಾಗಿಲಿಗೆ ತೋರಣ ಎಂದು ಟೀಕಾಕಾರರು ಆಡಿಕೊಳ್ಳುವುದು ಇದಕ್ಕೇ.

ದೂರು ಕೊಡುವವರು ಯಾರು?

ಇಲ್ಲಿ ಹೈಕೋರ್ಟ್ ತೀರ್ಪು ಮುಖ್ಯವಾಗುತ್ತದೆ. ಜಮಖಂಡಿಯಲ್ಲಿ ದೇವಸ್ಥಾನದ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದರು ಎಂದು ಮೂವರ ಮೇಲೆ ಕೇಸು ಬಿದ್ದಿತ್ತು. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ದೂರು ಕೊಡಬಹುದಾದವರು ಮತಾಂತರಗೊಂಡ ವ್ಯಕ್ತಿ, ಅಪ್ಪ ಅಮ್ಮ, ಒಡಹುಟ್ಟಿದವರು, ರಕ್ತ ಅಥವಾ ಮದುವೆ ಸಂಬಂಧದವರು, ಒಡನಾಡಿ ಅಥವಾ ಸಹೋದ್ಯೋಗಿ. ದೂರು ಕೊಟ್ಟವರು ಇದರಲ್ಲಿ ಯಾರೂ ಆಗಿರಲಿಲ್ಲ. ಮತಾಂತರ ನಡೆದದ್ದಾಗಲಿ, ಯತ್ನವಾಗಲಿ ಕಾಣುತ್ತಿಲ್ಲ ಎಂದು ನ್ಯಾಯಾಲಯ ಎಫ್‌ಐಆರ್ ಕಿತ್ತುಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಫತೇಪುರದ ಪ್ರಕರಣಗಳಲ್ಲೂ ಇಂಥದೇ ಮಾತು ಹೇಳಿತು. ಅಲ್ಲಿ ಆರೋಪಿಗಳು ಕ್ರೈಸ್ತರು, ದೂರುದಾರರು ಸಂಬಂಧವೇ ಇಲ್ಲದವರು.

ಹಾಗಾದರೆ ಹಾಸನ, ಚಿಕ್ಕಮಗಳೂರಿನ ಪಾಸ್ಟರುಗಳು ನಿಶ್ಚಿಂತೆಯಿಂದ ಇರಬಹುದಾ? ಪೂರ್ತಿ ಅಲ್ಲ. ‘ಒಡನಾಡಿ’ ಅಂದರೆ ಯಾರು? ಒಂದೇ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವವರೆಲ್ಲ ಒಡನಾಡಿಗಳಾ? ಒಂದೇ ಸ್ವಸಹಾಯ ಸಂಘದ ಸದಸ್ಯೆ? ಪದ ಸಡಿಲವಾಗಿದೆ. ಅದಕ್ಕಿಂತ ದೊಡ್ಡ ತೊಂದರೆ ಸಮಯದ್ದು. ತೀರ್ಪು ಬರುವುದು ಕೇಸು ಬಿದ್ದ ಮೇಲೆ. ಅಷ್ಟರಲ್ಲಿ ಬಂಧನ, ಜಾಮೀನು, ವಕೀಲರ ಫೀಸು, ಬಾಡಿಗೆ ಮನೆ ಖಾಲಿ ಮಾಡಿ ಅನ್ನುವ ಮಾತು ಎಲ್ಲ ಆಗಿಹೋಗಿರುತ್ತದೆ. ಗೆದ್ದ ಕೇಸೂ ಒಂದು ಸಭೆಯನ್ನು ಚದುರಿಸಬಲ್ಲದು. ಕಾಯ್ದೆಯ ನಿಜವಾದ ಏಟು ಅದರ ಶಿಕ್ಷೆಯಲ್ಲಿ ಇರುವುದಕ್ಕಿಂತ ಅದರ ಓಡಾಟದಲ್ಲಿ ಇದೆ ಎನ್ನುವುದು ಈ ಲೇಖನದ ನಿಲುವು.

ಮುಳುಗುವ ಚರ್ಚಿನ ಹಿಂದಿನ ಕತೆ

ಹಾಸನಕ್ಕೆ ಬಂದ ಪ್ರವಾಸಿಗರು ಶೆಟ್ಟಿಹಳ್ಳಿಗೆ ಹೋಗುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಅದರ ಮುರಿದ ಗೋಡೆಯ ಮುಂದೆ ಸೆಲ್ಫಿಗೆ ಸಾಲು ಸಾಲು ಜನ. ಪಾಳುಬಿದ್ದ ಚರ್ಚಿನ ಮೇಲೆ ಇರುವ ಅಕ್ಕರೆ, ತಗಡಿನ ಶೀಟು ಹೊದ್ದ ಜೀವಂತ ಸಭೆಯ ಮೇಲೆ ಕಾಣುವುದಿಲ್ಲ.

ಈ ಸೀಮೆಗೆ ಕ್ರೈಸ್ತ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ ಎಂಬುದಕ್ಕೆ ಆ ಗೋಡೆಗಳೇ ಪುರಾವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಟಿಪ್ಪುವಿನ ಕಾಲದಲ್ಲಿ ಬಲವಂತವಾಗಿ ಧರ್ಮ ಬಿಡಬೇಕಾಗಿ ಬಂದಿದ್ದವರು ಅವರಲ್ಲಿ ಬಹಳ ಮಂದಿ. ದುಬಾಯ್ ಇಲ್ಲಿನ ಉಡುಪು ತೊಟ್ಟು, ಮಾಂಸ ಬಿಟ್ಟು, ಇಲ್ಲಿಯವರ ಹಾಗೇ ಬದುಕಿದರು. ಬೇಸಾಯದ ಊರುಗಳನ್ನು ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಿದರು. 1823ರಲ್ಲಿ ವಾಪಸ್ ಹೋದರು. ಹೋದ ವರ್ಷವೇ ಅವರ ಪತ್ರಗಳು ಅಚ್ಚಾದವು. ಅದರಲ್ಲಿ ಅವರು ಬರೆದದ್ದು ಸಹ ಮಿಷನರಿಗಳಿಗೇ ಸಿಟ್ಟು ತರಿಸಿತು: ಹಿಂದೂಗಳನ್ನು ನಿಜವಾಗಿ ಮತಾಂತರ ಮಾಡಲು ಆಗದು. ಮೂವತ್ತು ವರ್ಷ ಇಲ್ಲಿ ಇದ್ದ ಪಾದ್ರಿಯ ಮಾತು ಇದು.

ಎರಡು ಶತಮಾನದ ಬಳಿಕದ ಲೆಕ್ಕ ನೋಡಿ. 2001ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ 1.91. 2011ರಲ್ಲಿ ಶೇ 1.87. ಸಂಖ್ಯೆ 11 ಲಕ್ಷ ದಾಟಿದೆ, ಪಾಲು ಮಾತ್ರ ಕೂದಲೆಳೆಯಷ್ಟು ಇಳಿದಿದೆ. ‘ಲೆಕ್ಕಕ್ಕೆ ಸಿಗದವರು ಜಾಸ್ತಿ ಇದ್ದಾರೆ’ ಎಂದು ಕಾಯ್ದೆ ಪರ ಇರುವವರು ಇದಕ್ಕೆ ಹೇಳುತ್ತಾರೆ. ಆ ಮಾತನ್ನು ಸುಮ್ನೆ ತಳ್ಳಿಹಾಕಬಾರದು. ಯಾಕೆ ಎಂಬುದು ಮುಂದೆ ಬರುತ್ತದೆ.

ವಿರೋಧ ಹುಟ್ಟುವ ಜಾಗ

ಹಳೆಯ ಚರ್ಚುಗಳ ಜೊತೆ ಊರಿಗೆ ದೊಡ್ಡ ಜಗಳವಿಲ್ಲ. ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯ 1963ರಲ್ಲೇ ಆಗಿದೆ. ಹಾಸನ ಜಿಲ್ಲೆಯೂ ಅದರೊಳಗೇ ಬರುತ್ತದೆ. ಹಾಸನದವರಿಗೆ ಮಿಷನ್ ಆಸ್ಪತ್ರೆ ಗೊತ್ತು, ಕಾನ್ವೆಂಟ್ ಶಾಲೆಯಲ್ಲಿ ಸೀಟು ಸಿಗಲಿ ಎಂದು ಎಲ್ಲ ಜಾತಿಯವರೂ ಓಡಾಡುತ್ತಾರೆ. ತೋಟದ ಕಡೆ ಕರಾವಳಿಯಿಂದ ಬಂದ ಕೊಂಕಣಿ ಕ್ರೈಸ್ತರ ಮನೆಗಳಿವೆ. ಇವರೆಲ್ಲ ಹುಟ್ಟು ಕ್ರೈಸ್ತರು. ಹಾಗಂತ ಅವರಿಗೂ ಏಟು ಬೀಳದೆ ಇಲ್ಲ. 2008ರ ಸೆಪ್ಟೆಂಬರಿನ ದಾಳಿಗಳಲ್ಲಿ ಕರಾವಳಿಯ ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಹೆಸರೂ ಬಂದಿತ್ತು. ಅದರ ವಿಚಾರಣೆಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಯಿತು.

ಆದರೆ ಈಗಿನ ಗಲಾಟೆಯ ಕೇಂದ್ರ ಬೇರೆ. ಬಾಡಿಗೆ ಮನೆಯ ಹಾಲ್‌ನಲ್ಲಿ, ತೋಟದ ಲೈನ್‌ನಲ್ಲಿ, ಶೀಟಿನ ಶೆಡ್ಡಿನಲ್ಲಿ ನಡೆಯುವ ಪೆಂಟೆಕೋಸ್ಟ್ (ಪವಿತ್ರಾತ್ಮನ ಅನುಭವಕ್ಕೆ, ಪ್ರಾರ್ಥನೆಯಿಂದ ವಾಸಿಯಾಗುವುದಕ್ಕೆ ಒತ್ತು ಕೊಡುವ ಕ್ರೈಸ್ತ ಪಂಥ) ಕೂಟಗಳು. ಅವಕ್ಕೆ ಬಿಷಪ್ ಇಲ್ಲ, ಟ್ರಸ್ಟಿನ ಬಲವಿಲ್ಲ, ಊರಲ್ಲಿ ಹಳೆಯ ಹೆಸರಿಲ್ಲ. 2021ರ ನವೆಂಬರ್ ಕೊನೆಯಲ್ಲಿ, ಮಸೂದೆ ಮಂಡನೆಗೆ ಕೆಲವೇ ವಾರ ಮೊದಲು, ಬೇಲೂರಿನಲ್ಲಿ ಒಂದು ಪ್ರಾರ್ಥನಾ ಮಂದಿರಕ್ಕೆ ಹಿಂದೂ ಸಂಘಟನೆಯ ಕಾರ್ಯಕರ್ತರು ನುಗ್ಗಿ ಪ್ರಾರ್ಥನೆ ನಿಲ್ಲಿಸಿದರು. ಮತಾಂತರ ನಡೆಯುತ್ತಿದೆ ಎನ್ನುವುದು ಅವರ ಆರೋಪ. ಒಳಗಿದ್ದವರು ಎದುರು ನಿಂತು ವಾದಿಸಿದರು. ಆ ವಿಡಿಯೊ ದೇಶದ ಸುದ್ದಿಯಾಯಿತು.

ವಿರೋಧ ಎಂದ ಕೂಡಲೇ ಸಂಘಟನೆಯೊಂದೇ ಕಣ್ಣಿಗೆ ಬರುತ್ತದೆ. ಅದರ ಕೆಳಗೆ ಇನ್ನೊಂದು ಪದರ ಇದೆ. ಊರಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುತ್ತಾರೆ. ಹೊಸದಾಗಿ ನಂಬಿದವರು ‘ನಾವು ಕೊಡಲ್ಲ’ ಅನ್ನುತ್ತಾರೆ. ಪ್ರಸಾದ ಕೊಟ್ಟರೆ ಕೈ ಚಾಚುವುದಿಲ್ಲ. ಹಿರಿಯರಿಗೆ ಎಡೆ ಇಡುವ ದಿನ ಮಗ ಬರುವುದಿಲ್ಲ. ತಂದೆ ತೀರಿಕೊಂಡರೆ ಕೊಳ್ಳಿ ಇಡುವವರು ಯಾರು ಎಂಬ ಜಗಳ. ಕೆಲವು ಬೋಧಕರು ಊರ ದೇವರನ್ನೇ ದೆವ್ವ ಎಂದು ಕರೆಯುತ್ತಾರೆ. ಇದು ಊರಿಗೆ ನೋಯುತ್ತದೆ, ನೋಯಲೇಬೇಕು. ಹಳ್ಳಿಯಲ್ಲಿ ದೇವರು ಅಂದರೆ ಬರೀ ನಂಬಿಕೆಯಲ್ಲ, ಒಬ್ಬರಿಗೊಬ್ಬರು ಆಗಿಬರುವ ಲೆಕ್ಕಾಚಾರವೂ ಹೌದು. ಆ ಲೆಕ್ಕದಿಂದ ಒಂದು ಮನೆ ಹೊರಗೆ ಹೋದರೆ ಉಳಿದವರಿಗೆ ಮೋಸವಾದ ಹಾಗೆ ಅನ್ನಿಸುತ್ತದೆ. ಕಾಯ್ದೆಯನ್ನು ಬೆಂಬಲಿಸುವ ಎಲ್ಲರೂ ದ್ವೇಷದಿಂದ ಬೆಂಬಲಿಸುವುದಿಲ್ಲ.

ಈ ನೋವಿಗೆ ಕ್ರಿಮಿನಲ್ ಕಾಯ್ದೆ ಮದ್ದೇ? ವಂತಿಗೆ ಕೊಡದಿರುವುದು ಅಪರಾಧವಲ್ಲ. ಮಗ ಎಡೆ ಇಡದಿರುವುದೂ ಅಲ್ಲ. ಆದರೆ ಈ ಸಿಟ್ಟಿಗೆ ಹೋಗಲು ಬೇರೆ ದಾರಿ ಇಲ್ಲದಾಗ ಅದು ‘ಆಮಿಷ’ದ ದೂರಿನ ವೇಷ ಹಾಕುತ್ತದೆ.

ಸಂವಿಧಾನವೂ ಈ ಜಗಳವನ್ನು ಪೂರ್ತಿ ಬಗೆಹರಿಸಿಲ್ಲ. 25ನೇ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಎಂದಿತು. ಹೇಳಬಹುದು, ಒಪ್ಪಿಸುವಂತಿಲ್ಲ ಎಂಬಂತಾಯಿತು ಇದು. ಕೇಳಿದವರು ತಾವಾಗಿ ಒಪ್ಪಿದರೆ? ಆ ಹಕ್ಕು ಕೇಳಿದವರದ್ದು, ಹೇಳಿದವರದ್ದಲ್ಲ. ಎರಡೂ ಕಡೆಯವರು ಐವತ್ತು ವರ್ಷದಿಂದ ಇದೇ ತೀರ್ಪನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದಾರೆ.

ಜಾತಿ ಸರ್ಟಿಫಿಕೇಟಿನ ಗಂಟು

ಈಗ ‘ಲೆಕ್ಕಕ್ಕೆ ಸಿಗದವರ’ ವಿಷಯ. ಇಡೀ ಸಮಸ್ಯೆಯ ಕಗ್ಗಂಟು ಇಲ್ಲೇ ಇದೆ.

1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು, ಮುಸ್ಲಿಮರನ್ನು ಸೇರಿಸಲಿಲ್ಲ. ಅಂದರೆ ಸಕಲೇಶಪುರದ ಒಬ್ಬ ದಲಿತ ಕಾರ್ಮಿಕ ಕ್ರೈಸ್ತನೆಂದು ದಾಖಲೆಯಲ್ಲಿ ಬರೆಸಿದ ದಿನ, ಅವನ ಮಗಳಿಗೆ ಪರಿಶಿಷ್ಟ ಜಾತಿಯ ಲೆಕ್ಕದಲ್ಲಿ ಸಿಗುವ ಸ್ಕಾಲರ್‌ಶಿಪ್, ಹಾಸ್ಟೆಲ್, ಮೀಸಲು ಹುದ್ದೆ ಹೋಗುತ್ತದೆ. ಮೀಸಲಾತಿ ಮಾತ್ರ ಅಲ್ಲ. ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳುವಂತಿಲ್ಲ ಎಂದು 2025ರಲ್ಲಿ ಆಂಧ್ರ ಹೈಕೋರ್ಟ್ ಹೇಳಿತು. ಆ ಪ್ರಕರಣದಲ್ಲಿ ದೂರು ಕೊಟ್ಟವರು ಒಬ್ಬ ಪಾಸ್ಟರ್. ಊರಿನವರು ಅವನನ್ನು ಹಳೆಯ ಜಾತಿಯ ಹೆಸರಲ್ಲೇ ಬೈಯಬಹುದು, ಕಾಯ್ದೆ ಮಾತ್ರ ‘ನಿನಗೆ ಜಾತಿ ಇಲ್ಲ’ ಅನ್ನುತ್ತದೆ.

ಇದರಿಂದ ಏನಾಗುತ್ತದೆ ಎಂಬುದನ್ನು ಊಹಿಸಲು ಪಂಡಿತರು ಬೇಕಿಲ್ಲ. ಜನ ಕೂಟಕ್ಕೆ ಹೋಗುತ್ತಾರೆ, ದಾಖಲೆ ಮುಟ್ಟುವುದಿಲ್ಲ. ಹೆಸರು ಹಳೆಯದೇ, ನಂಬಿಕೆ ಹೊಸದು. ಇದನ್ನು ನೋಡಿದವರು ‘ಇದು ಮೋಸ, ಎರಡೂ ಕಡೆ ಲಾಭ’ ಅನ್ನುತ್ತಾರೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಪುದುಚೇರಿಯ ಒಂದು ಪ್ರಕರಣದಲ್ಲಿ, ಕ್ರೈಸ್ತ ಧರ್ಮ ಪಾಲಿಸುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಇನ್ನೊಂದು ಕಡೆಯವರ ಮಾತೂ ಗಟ್ಟಿ: ಅಸ್ಪೃಶ್ಯತೆ ಜ್ಞಾನಸ್ನಾನದ ನೀರಿನಲ್ಲಿ ತೊಳೆದು ಹೋಗುವುದಿಲ್ಲ, ಕೆಲವು ಕಡೆ ಚರ್ಚಿನ ಸ್ಮಶಾನದಲ್ಲೂ ಅದು ಇದೆ. ಈ ವಿಷಯ ನೋಡಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು.

ಈಗ ಎರಡು ನಿಯಮಗಳನ್ನು ಪಕ್ಕಪಕ್ಕ ಇಡಿ. ಮತಾಂತರ ಕಾಯ್ದೆ ‘ಬಹಿರಂಗವಾಗಿ ಹೇಳು’ ಅನ್ನುತ್ತದೆ. ಹೇಳಿದ ಮೇಲೆ ಜಿಲ್ಲಾಧಿಕಾರಿ ಕಂದಾಯ, ಸಮಾಜ ಕಲ್ಯಾಣ ಇಲಾಖೆಗಳಿಗೆ ತಿಳಿಸಿ ಸೌಲಭ್ಯದ ದಾಖಲೆ ಬದಲಿಸುವಂತೆ ಮಾಡಬೇಕು. 1950ರ ಆದೇಶ ‘ಹೇಳಿದರೆ ಕಳೆದುಕೊಳ್ಳುತ್ತೀಯ’ ಅನ್ನುತ್ತದೆ. ಹಾಗಾಗಿ ಬಡವರು ಹೇಳುವುದಿಲ್ಲ. ಹೇಳದ ಕಾರಣ ಅವರ ಪ್ರಾರ್ಥನೆ ಗುಟ್ಟಾಗುತ್ತದೆ. ಗುಟ್ಟಾದ್ದರಿಂದ ಅನುಮಾನ ಹುಟ್ಟುತ್ತದೆ. ಅನುಮಾನದಿಂದ ಇನ್ನೂ ಬಿಗಿ ಕಾಯ್ದೆ ಬೇಕು ಎಂಬ ಕೂಗು. ಕಾಯ್ದೆ ಬಿಗಿಯಾದಷ್ಟೂ ಗುಟ್ಟು ಜಾಸ್ತಿ. ಬಾಲ ಕಚ್ಚಿಕೊಂಡ ಹಾವು.

2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಇದೇ ಹಾವು ಹೆಡೆ ಎತ್ತಿತು. ಪಟ್ಟಿಯಲ್ಲಿ ‘ಒಕ್ಕಲಿಗ ಕ್ರೈಸ್ತ’, ‘ಕುರುಬ ಕ್ರೈಸ್ತ’ ಎಂಬಂಥ ಹೆಸರುಗಳು ಕಂಡವು. ಮತಾಂತರಕ್ಕೆ ಸರ್ಕಾರವೇ ಮುದ್ರೆ ಒತ್ತುತ್ತಿದೆ ಎಂದು ವಿರೋಧ ಪಕ್ಷ ಎದ್ದಿತು, ಸಂಪುಟದಲ್ಲೂ ಅಸಮಾಧಾನ ಬಂತು. ಸಮೀಕ್ಷೆ ನಡೆಸಿದ ಹಿಂದುಳಿದ ವರ್ಗಗಳ ಆಯೋಗ ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೆಸರು ಮರೆಯಾಯಿತು. ಆ ಜನ ಮರೆಯಾಗಲಿಲ್ಲ.

ಯಾಕೆ ಸುಮ್ಮನಿರಬಾರದು?

ಮನೆಯೊಳಗೆ ಪ್ರಾರ್ಥಿಸಿ, ಬೇರೆಯವರಿಗೆ ಹೇಳಬೇಡಿ. ಇದು ಬಹಳ ಜನ ಒಳ್ಳೆಯ ಮನಸ್ಸಿನಿಂದಲೇ ಕೊಡುವ ಸಲಹೆ. ಕ್ರೈಸ್ತರು ಇದನ್ನು ಯಾಕೆ ಒಪ್ಪುವುದಿಲ್ಲ ಎಂಬುದು ಹೊರಗಿನವರಿಗೆ ಅರ್ಥವಾಗುವುದಿಲ್ಲ.

ಅವರ ನಂಬಿಕೆಯಲ್ಲಿ ಹೇಳುವುದು ಹೆಚ್ಚುವರಿ ಕೆಲಸವಲ್ಲ. ಏಸುವನ್ನು ಜನರ ಮುಂದೆ ಒಪ್ಪಿಕೊಳ್ಳುವುದೇ ನಂಬಿಗಸ್ತಿಕೆ, ಅಲ್ಲಗಳೆಯುವುದೇ ದ್ರೋಹ. ಒಟ್ಟುಗೂಡುವುದನ್ನು ಬಿಡಬೇಡಿ ಎಂದು ಬೈಬಲ್ಲಿನ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಆದ್ದರಿಂದ ಕೂಟವೇ ಆರಾಧನೆ. ಕೂಟ ನಿಂತರೆ ಧರ್ಮದ ಅರ್ಧ ನಿಂತ ಹಾಗೆ. ಹಿಂಸೆ ಬರುತ್ತದೆ ಎಂದು ಅವರ ಗ್ರಂಥ ಮೊದಲೇ ಹೇಳಿದೆ. ಹಾಗಾಗಿ ವಿರೋಧ ಬಂದಾಗ ಅದು ಸೋಲಿನ ಗುರುತಾಗಿ ಕಾಣುವುದಿಲ್ಲ, ದಾರಿ ಸರಿ ಇದೆ ಎಂಬ ಗುರುತಾಗಿ ಕಾಣುತ್ತದೆ. ಹೊರಗಿನಿಂದ ಒತ್ತಿದಷ್ಟೂ ಒಳಗೆ ಗಟ್ಟಿಯಾಗುವುದು ಇದಕ್ಕೇ. ಬೇಲೂರಿನಂಥ ಘಟನೆಯಲ್ಲಿ ಹೆಂಗಸರು ಎದುರು ನಿಂತು ಮಾತಾಡಿದ್ದನ್ನು ನೋಡಿ ಬೆರಗಾದವರು ಈ ಹಿನ್ನೆಲೆ ಗಮನಿಸಬೇಕು.

ಆದರೆ ಅದೇ ಗ್ರಂಥದಲ್ಲಿ ಇನ್ನೊಂದು ಅಂಕುಶವೂ ಇದೆ, ಅದನ್ನು ಕೆಲವು ಬೋಧಕರು ಮರೆಯುತ್ತಾರೆ. ಪೇತ್ರನ ಮೊದಲ ಪತ್ರ, ನಂಬಿಕೆಗಾಗಿ ಬಾಧೆಪಟ್ಟರೆ ನಾಚಬೇಡ ಅನ್ನುತ್ತದೆ. ಕೊಲೆಗಾರನಾಗಿ, ಕಳ್ಳನಾಗಿ ಬಾಧೆಪಡಬೇಡ ಎಂದೂ ಹೇಳುತ್ತದೆ. ಆ ಸಾಲಿನಲ್ಲೇ ಇನ್ನೊಬ್ಬರ ವಿಷಯದಲ್ಲಿ ತಲೆಹಾಕುವವನೂ ಇದ್ದಾನೆ. ಕೇಳಿದವರಿಗೆ ಉತ್ತರ ಕೊಡು, ಆದರೆ ಸೌಮ್ಯವಾಗಿ, ಮರ್ಯಾದೆಯಿಂದ ಕೊಡು ಎಂಬುದೂ ಅಲ್ಲೇ ಇದೆ. ಊರ ದೇವರನ್ನು ಬೈದು ಬಂದ ಏಟನ್ನು ‘ಕ್ರಿಸ್ತನಿಗಾಗಿ ಪಟ್ಟ ಶ್ರಮೆ’ ಎಂದು ಲೆಕ್ಕ ಹಾಕಿಕೊಳ್ಳಲು ಆ ಪತ್ರ ಬಿಡುವುದಿಲ್ಲ.

ತಾಳಿಕೊಳ್ಳುವ ಬಗೆಗಳು

ತಾಳ್ಮೆ ಅಂದರೆ ಸುಮ್ಮನೆ ಕೂರುವುದು ಎಂದುಕೊಂಡರೆ ತಪ್ಪು. ಏಸು ಶಿಷ್ಯರಿಗೆ, ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದದ್ದುಂಟು. ಇಂದಿನ ಸಣ್ಣ ಸಭೆಗಳಿಗೂ ಅದು ಒಂದು ದಾರಿ: ಮನೆ ಬದಲಿಸುವುದು, ಮೈಕ್ ಬಿಡುವುದು, ಇಪ್ಪತ್ತು ಜನರ ಕೂಟವನ್ನು ಐದೈದು ಜನರದ್ದಾಗಿ ಒಡೆಯುವುದು. ಕೂಡಲೇ ರಕ್ಷಣೆ ಸಿಗುತ್ತದೆ. ಆದರೆ ಮೇಲೆ ಹೇಳಿದ ಗುಟ್ಟಿನ ಹಾವಿಗೆ ಇದು ಹಾಲೆರೆದ ಹಾಗೆ.

ಏಸುವಿನ ಸಂದೇಶ ಸಾರಿದ ಪೌಲನ ದಾರಿ ಬೇರೆ. ಅವನು ರೋಮನ್ ಪೌರ. ತನ್ನನ್ನು ವಿಚಾರಣೆ ಇಲ್ಲದೆ ಹೊಡೆಯುವ ಹಾಗಿಲ್ಲ ಎಂದ, ಕೊನೆಗೆ ಚಕ್ರವರ್ತಿಗೇ ಅಪೀಲು ಹೋದ. ಕಾನೂನು ಹಿಡಿದು ನಿಲ್ಲುವುದು ನಂಬಿಕೆಯ ಕೊರತೆಯಲ್ಲ ಎನ್ನುವವರು ಅವನನ್ನು ತೋರಿಸುತ್ತಾರೆ. ಇಲ್ಲೂ ಹಿಡಿಯಲು ಕಾನೂನು ಇದೆ. ಮನೆಯಲ್ಲಿ ಪ್ರಾರ್ಥನೆ ಮಾಡಲು ಅನುಮತಿ ಪಡೆಯಬೇಕು ಎನ್ನುವ ಸಾಲು 2022ರ ಕಾಯ್ದೆಯಲ್ಲಿ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 300ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧವಾಗಿ ಆರಾಧನೆಗೆ ಸೇರಿದ ಸಭೆಗೆ ಬೇಕಂತಲೇ ಅಡ್ಡಿಪಡಿಸಿದರೆ ಒಂದು ವರ್ಷದವರೆಗೆ ಜೈಲು. ದೇವಸ್ಥಾನದ ಭಜನೆಗೂ ಮಸೀದಿಯ ನಮಾಜಿಗೂ ಶೀಟಿನ ಶೆಡ್ಡಿನ ಪ್ರಾರ್ಥನೆಗೂ ಇದು ಒಂದೇ.

ಆದರೆ ಶೆಡ್ಡು ಅಂದಾಗ ಇನ್ನೊಂದು ಕಾನೂನು ಬರುತ್ತದೆ. ಮಲೆನಾಡಿನಲ್ಲಿ ‘ಕನ್ವರ್ಷನ್ ಆಗಿದ್ಯಾ?’ ಅಂದರೆ ಸಾಮಾನ್ಯವಾಗಿ ಕೇಳುತ್ತಿರುವುದು ಜಮೀನಿನ ಬಗ್ಗೆ! ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯ್ದೆಯಡಿ ಪರಿವರ್ತನೆ ಆಗಬೇಕು, ಪಂಚಾಯಿತಿಯ ಕಟ್ಟಡ ಪರವಾನಗಿ ಬೇಕು. ಮೈಕಿಗೆ 2000ದ ಶಬ್ದಮಾಲಿನ್ಯ ನಿಯಮಗಳು. ಮತಾಂತರದ ದೂರಿಗೆ ಬಲ ಇಲ್ಲದ ಕಡೆ ಈ ದೂರುಗಳಿಗೆ ಬಲ ಇರುತ್ತದೆ. ಕಾಗದಪತ್ರ ಸರಿ ಇಟ್ಟುಕೊಳ್ಳದ ಸಭೆ ತಾನೇ ಕೈಗೆ ಕೋಲು ಕೊಟ್ಟಂತೆ. ಊರಿನ ಅರ್ಧ ಗುಡಿ, ಶೆಡ್ಡು, ಕೊಟ್ಟಿಗೆಗಳಿಗೂ ಪರವಾನಗಿ ಇಲ್ಲದಿರುವಾಗ ಒಂದನ್ನೇ ಹುಡುಕಿ ಅಳೆಯುವುದು ನ್ಯಾಯವೇ ಎಂಬ ಪ್ರಶ್ನೆ ಬೇರೆಯೇ ಇದೆ.

ಬಾಗಿಲು ತೆರೆದಿಡುವುದು ಇನ್ನೊಂದು ಬಗೆ. ನೆರೆಯವರನ್ನು ಕ್ರಿಸ್‌ಮಸ್ಸಿಗೆ ಕರೆಯುವುದು, ಊರಹಬ್ಬದ ಪೂಜೆಗೆ ಅಲ್ಲದಿದ್ದರೂ ರಸ್ತೆ ರಿಪೇರಿಗೆ, ಕೆರೆ ಹೂಳಿಗೆ ವಂತಿಗೆ ಕೊಡುವುದು. ಹಳೆಯ ಕಥೋಲಿಕ ಊರುಗಳು ಉಳಿದದ್ದು ಬಹುಪಾಲು ಹೀಗೇ. ಇಲ್ಲಿ ಕ್ರೈಸ್ತರೊಳಗಿನ ಬಿರುಕೂ ಕಾಣುತ್ತದೆ. ಹೊಸ ಸಭೆಗಳಿಂದ ನಮಗೂ ಕೆಟ್ಟ ಹೆಸರು ಎಂಬ ಗೊಣಗಾಟ ಹಳೆಯ ಚರ್ಚುಗಳಲ್ಲಿದೆ. ಕಷ್ಟದಲ್ಲಿ ಅವರು ನಮ್ಮ ಪಕ್ಕ ನಿಲ್ಲುವುದಿಲ್ಲ ಎಂಬ ಬೇಸರ ಹೊಸಬರಿಗೆ. ಬಿಷಪ್ಪರ ನಿಯೋಗ ವಿಧಾನಸೌಧಕ್ಕೆ ಹೋಗಬಲ್ಲದು, ಶೀಟಿನ ಶೆಡ್ಡಿನ ಪಾಸ್ಟರನ ಮಾತು ಠಾಣೆಯ ಬಾಗಿಲು ದಾಟುವುದೇ ಕಷ್ಟ. ಕಾಯ್ದೆ ಮಾತ್ರ ಇಬ್ಬರಿಗೂ ಒಂದೇ.

ಮುಂದೆ ಗಮನಿಸಬೇಕಾದದ್ದು

ಬೇರೆ ಬೇರೆ ರಾಜ್ಯಗಳ ಇಂಥ ಕಾಯ್ದೆಗಳನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ತಡೆ ಕೋರಿದ ಮನವಿಗೆ ಉತ್ತರಿಸುವಂತೆ 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಹೇಳಿತು. ರದ್ದು ಮಾಡುತ್ತೇವೆ ಎಂದ ಕರ್ನಾಟಕ ಸರ್ಕಾರ ತನ್ನ ಕಾಯ್ದೆಯನ್ನು ತಾನೇ ಸಮರ್ಥಿಸಿಕೊಳ್ಳಬೇಕಾದ ವಿಚಿತ್ರ ಜಾಗದಲ್ಲಿ ನಿಂತಿದೆ. 2027ರ ಜನಗಣತಿಯಲ್ಲಿ ಧರ್ಮದ ಜೊತೆ ಜಾತಿಯನ್ನೂ ಕೇಳುತ್ತಾರೆ. ಸಕಲೇಶಪುರದ ಆ ಕಾರ್ಮಿಕನ ಮನೆ ಬಾಗಿಲಿಗೆ ಬಂದ ಮೇಷ್ಟ್ರು ಎರಡೂ ಪ್ರಶ್ನೆಯನ್ನು ಒಂದೇ ಸಲಕ್ಕೆ ಕೇಳುತ್ತಾರೆ.

ನಾಳೆಯೇ ರದ್ದತಿ ಮಸೂದೆ ಬಂತು ಅಂತಿಟ್ಟುಕೊಳ್ಳಿ. ಆಗಲೂ ಒಂದು ಗೊಂದಲ ಕಾದಿದೆ. ಒಂದು ಕಾಯ್ದೆ ರದ್ದಾದರೂ, ಅದು ಜಾರಿಯಲ್ಲಿದ್ದಾಗ ಹಾಕಿದ ಕೇಸುಗಳು ತಾವಾಗಿ ಬಿದ್ದುಹೋಗುವುದಿಲ್ಲ. ರದ್ದತಿ ಕಾಯ್ದೆಯೇ ಬೇರೆ ರೀತಿ ಹೇಳದಿದ್ದರೆ ಅವು ಮುಂದುವರಿಯುತ್ತವೆ, ಇದು ಸಾಮಾನ್ಯ ನಿಯಮ. ಹಾಗಾಗಿ ಮಸೂದೆ ಬಂದ ದಿನ ಮೊದಲು ಓದಬೇಕಾದದ್ದು ಹಳೆಯ ಕೇಸುಗಳ ಬಗ್ಗೆ ಅದರಲ್ಲಿ ಒಂದು ಸಾಲು ಇದೆಯೋ ಇಲ್ಲವೋ ಎಂಬುದನ್ನು.